ಕಲ್ಲಿನ ಖ್ಮೇರ್, ಬಾಯಿಮಾತಿನ ಖ್ಮೇರ್

ಯುರೋಪಿನವರು ಖ್ಮೇರ್ ಭಾಷೆಗೆ ಕೈಹಾಕಿದ್ದು ಕಾಂಬೋಡಿಯಾವನ್ನು ಆಳುವ ಅಗತ್ಯದಿಂದ. ಫ್ರೆಂಚ್ ಅಧಿಕಾರಿ ಎತಿಯೆನ್ ಎಮೋನಿಯೇ ಸೈಗಾನಿನಲ್ಲಿ ಹೊಸ ಅಧಿಕಾರಿಗಳಿಗೆ ಪಾಠ ಹೇಳುತ್ತಲೇ 1874ರಲ್ಲಿ ಫ್ರೆಂಚ್-ಖ್ಮೇರ್ ನಿಘಂಟನ್ನೂ 1878ರಲ್ಲಿ ಖ್ಮೇರ್-ಫ್ರೆಂಚ್ ನಿಘಂಟನ್ನೂ ಹೊರತಂದರು.

ವಿದ್ವಾಂಸರ ಕಣ್ಣು ಮಾತ್ರ ಕಲ್ಲಿನ ಮೇಲಿತ್ತು, ಅದೂ ಸಂಸ್ಕೃತದ ಸಾಲುಗಳ ಮೇಲೆ. ಬಾರ್ತ್ ಮತ್ತು ಬೆರ್ಗೇನ್ 1885ರಿಂದ ಪ್ರಕಟಿಸಿದ್ದು ಕಾಂಬೋಡಿಯಾದ ಸಂಸ್ಕೃತ ಶಾಸನಗಳನ್ನು. ಕರ್ನಾಟಕದ ಶಾಸನಗಳನ್ನು ಓದಿದವರಿಗೆ ಅಲ್ಲಿನ ಏರ್ಪಾಟು ಹೊಸದೆನಿಸದು: ದೇವರ ಸ್ತುತಿ, ರಾಜನ ಹೊಗಳಿಕೆ ಸಂಸ್ಕೃತ ಪದ್ಯದಲ್ಲಿ, ಗದ್ದೆಯ ಎಲ್ಲೆ, ಭತ್ತದ ಲೆಕ್ಕ, ದೇಗುಲಕ್ಕೆ ಬಿಟ್ಟ ಆಳುಗಳ ಪಟ್ಟಿ ನಾಡನುಡಿಯ ಗದ್ಯದಲ್ಲಿ. ಕಾಲ ನಮೂದಾಗಿರುವ ಖ್ಮೇರ್ ಶಾಸನಗಳಲ್ಲಿ ಅತಿ ಹಳೆಯದು ಕ್ರಿ.ಶ. 611ರ ಅಂಗ್ಕೋರ್ ಬೋರೆಯದು. ಜನರ ಬದುಕು ಅಡಗಿರುವುದೇ ಈ ಗದ್ಯದಲ್ಲಿ. ಜಾರ್ಜ್ ಸೆಡೆಸ್ 1937ರಿಂದ 1966ರವರೆಗೆ ಎಂಟು ಸಂಪುಟಗಳಲ್ಲಿ ಎರಡೂ ಭಾಷೆಗಳ ಶಾಸನಗಳನ್ನು ಕೊಟ್ಟರು. ಹಳೆಯ ಖ್ಮೇರಿನ ನಿಘಂಟನ್ನು 1992ರಲ್ಲಿ ಹೊರತಂದದ್ದು ಕಾಂಬೋಡಿಯಾದಲ್ಲೇ ಹುಟ್ಟಿ ಸೆಡೆಸ್ ಬಳಿ ಕಲಿತ ಸವೆರೋಸ್ ಪೌ.

ಆಡುಮಾತಿನ ಪಠ್ಯಗಳು ಸಿದ್ಧವಾದದ್ದು ತಡವಾಗಿ. ಲಂಡನ್ನಿನ ಜುಡಿತ್ ಜೇಕಬ್ ಅವರ ಪ್ರವೇಶಿಕೆ ಬಂದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗಲೇ, 1970ರಲ್ಲಿ, ಯೇಲ್ ವಿಶ್ವವಿದ್ಯಾಲಯದಿಂದ ಫ್ರಾಂಕ್ಲಿನ್ ಹಫ್ಮನ್ ಅವರ ಲಿಪಿ ಮತ್ತು ಸಂಭಾಷಣೆಯ ಪುಸ್ತಕಗಳು ಬಂದವು. ಕನ್ನಡಿಗ ಈ ಲಿಪಿಪಾಠ ತೆರೆದರೆ ಮೊದಲು ನೆಮ್ಮದಿ, ಆಮೇಲೆ ಗೊಂದಲ. ಕ, ಖ, ಗ, ಘ ಎಂಬ ಅಕ್ಷರಮಾಲೆಯ ಕ್ರಮ ನಮ್ಮದೇ; ಎರಡೂ ಲಿಪಿಗಳ ಬೇರು ಬ್ರಾಹ್ಮಿ. ಆದರೆ ಅಲ್ಲಿ ಈಗ ಕ-ಗ ಎರಡನ್ನೂ 'ಕ' ಎಂದೇ ಉಚ್ಚರಿಸುತ್ತಾರೆ. ವ್ಯಂಜನಗಳ ಹಳೆಯ ವ್ಯತ್ಯಾಸ ಪಕ್ಕದ ಸ್ವರಕ್ಕೆ ದಾಟಿಬಿಟ್ಟಿದೆ. ಹಾಗಾಗಿ ಒಂದೇ ಸ್ವರಚಿಹ್ನೆಗೆ ಎರಡು ಓದು. ಥಾಯ್ ಅಥವಾ ವಿಯೆಟ್ನಾಮೀಸ್‌ನಂತೆ ದನಿಯ ಏರಿಳಿತದಿಂದ ಅರ್ಥ ಬದಲಾಗುವುದಿಲ್ಲ ಎಂಬುದಷ್ಟೇ ಸಮಾಧಾನ.

ತವರಿನಲ್ಲಿ ಚುವೊನ್ ನಾಟ್ ಎಂಬ ಭಿಕ್ಷುವಿನ ಮುಂದಾಳುತನದಲ್ಲಿ ಸಿದ್ಧವಾದ ಖ್ಮೇರ್-ಖ್ಮೇರ್ ನಿಘಂಟಿನ ಮೊದಲ ಭಾಗ 1938ರಲ್ಲಿ ಅಚ್ಚಾಯಿತು. ನಾಮ್ ಪೆನ್‌ನ ರಾಜ ವಿಶ್ವವಿದ್ಯಾಲಯ ಶುರುವಾದದ್ದು 1960ರಲ್ಲಿ, ಆಗ ಅಲ್ಲಿನ ಪಾಠಗಳು ಹೆಚ್ಚಾಗಿ ಫ್ರೆಂಚಿನಲ್ಲೇ ನಡೆಯುತ್ತಿದ್ದವು. 1967ರಿಂದ ಶಾಲೆಗಳಲ್ಲಿ ಖ್ಮೇರ್ ಮಾಧ್ಯಮ ಬೇರೂರುತ್ತಿತ್ತು. 1975ರಲ್ಲಿ ಅಧಿಕಾರ ಹಿಡಿದ ಕಮ್ಯುನಿಸ್ಟ್ ಖ್ಮೇರ್ ರೂಜ್ ಎಲ್ಲಕ್ಕೂ ಬೀಗ ಹಾಕಿತು. ಅಧ್ಯಾಪಕರಲ್ಲಿ ಎಷ್ಟೋ ಜನ ಉಳಿಯಲಿಲ್ಲ. 1980ರಲ್ಲಿ ವಿಶ್ವವಿದ್ಯಾಲಯ ಮತ್ತೆ ಬಾಗಿಲು ತೆರೆದಾಗ ಮೊದಲು ಆಗಬೇಕಿದ್ದದ್ದು ಶಿಕ್ಷಕರ ತರಬೇತಿ. ಇನ್ನೊಂದೆಡೆ, ಅಮೆರಿಕದ ತರಗತಿಗಳಲ್ಲಿ ಕಾಂಬೋಡಿಯಾ ತೊರೆದ ನಿರಾಶ್ರಿತರ ಮಕ್ಕಳು ಮನೆಮಾತಿನ ಅಕ್ಷರ ಕಲಿಯಲು ಕೂತರು. ಇಂದು ಖ್ಮೇರ್ ಜನರಿರುವ ವಿಯೆಟ್ನಾಂನ ತ್ರಾ ವಿನ್‌ನಲ್ಲೂ ವಿಶ್ವವಿದ್ಯಾಲಯ ಮಟ್ಟದ ಖ್ಮೇರ್ ಪಾಠವಿದೆ.

ಭಾರತ? 1986ರಿಂದ 1993ರವರೆಗೆ ನಮ್ಮ ಪುರಾತತ್ತ್ವ ಇಲಾಖೆ ಅಂಗ್ಕೋರ್ ವಾಟ್ ದುರಸ್ತಿ ಮಾಡಿತು. ಆರ್.ಸಿ. ಮಜುಂದಾರ್ 1953ರಲ್ಲಿ ಕಾಂಬೋಡಿಯಾದ ಶಾಸನಗಳ ಸಂಕಲನ ತಂದರು. ಆದರೂ ನಮ್ಮ ಒಲವೆಲ್ಲ ಸಂಸ್ಕೃತ ಪದ್ಯದ ಕಡೆಗೇ. ಖಾಸಿ, ಸಂತಾಲಿ ಭಾಷೆಗಳ ಬಳಗಕ್ಕೇ ಸೇರಿದ ಖ್ಮೇರ್ ನಮಗೆ ಪರಕೀಯವಾಗಿಯೇ ಉಳಿದಿದೆ. ಶಾಸನಶಾಸ್ತ್ರ ಓದುವ ಕನ್ನಡದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಗದ್ದೆ-ಭತ್ತದ ಗದ್ಯದತ್ತ ಹೊರಳಬೇಕು.