ಗೇರ್‌ಬಾಕ್ಸ್ ಎಣ್ಣೆಗೂ ಬೇಕು ತಾಪಮಾಪಕ: ಅಳವಡಿಸುವ ಬಗೆ ಹೇಗೆ?

ರೋಣ: ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಹಂಗಾಮು ಬಂತೆಂದರೆ ಟ್ರ್ಯಾಕ್ಟರ್‌ಗೆ ಬಿಡುವಿಲ್ಲ. ಮುಂಗಾರಿನ ಹೆಸರು ಕೈಸೇರಿದೊಡನೆ ಹಿಂಗಾರಿನ ಕಡಲೆ, ಜೋಳಕ್ಕೆ ಹೊಲ ಹದಗೊಳಿಸಬೇಕು. ಬೇಸಿಗೆಯ ಉಳುಮೆ, ಫಸಲು ತುಂಬಿದ ಟ್ರೇಲರ್ ಎಳೆಯುವ ಕೆಲಸ ಬೇರೆ. ಚಾಲಕನ ಮುಂದಿರುವ ಮೀಟರ್ ಎಂಜಿನ್ ನೀರಿನ ಬಿಸಿಯನ್ನು ತೋರಿಸುತ್ತದೆಯೇ ಹೊರತು, ಗೇರ್‌ಬಾಕ್ಸ್ ಎಣ್ಣೆ ಎಷ್ಟು ಕಾದಿದೆ ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಬಿತ್ತನೆಯ ವಾರದಲ್ಲಿ ಗೇರ್‌ಬಾಕ್ಸ್ ಕೆಟ್ಟರೆ ದುರಸ್ತಿಯ ವೆಚ್ಚಕ್ಕಿಂತ ಭೂಮಿಯ ಹಸಿ ಆರಿಹೋಗುವ ನಷ್ಟವೇ ದೊಡ್ಡದು.

ಏಕೆ ಅಗತ್ಯ?

ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಗೇರ್, ಹೈಡ್ರಾಲಿಕ್ ಲಿಫ್ಟ್ ಹಾಗೂ ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್‌ಗಳಿಗೆ ಒಂದೇ ಎಣ್ಣೆ. ಅದು ಅತಿಯಾಗಿ ಕಾದರೆ ತೆಳುವಾಗಿ, ಲೋಹದ ಭಾಗಗಳ ನಡುವಿನ ರಕ್ಷಣಾ ಪದರ ಕ್ಷೀಣಿಸುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಎಣ್ಣೆಯ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಟಾರ್ಕ್ ಕನ್ವರ್ಟರ್ ಇರುವ ಸ್ವಯಂಚಾಲಿತ ಕಾರುಗಳಲ್ಲಿ ಈ ಅಪಾಯ ಹೆಚ್ಚು. ಭಾರತದಲ್ಲಿ 2014ರಿಂದ ಜನಪ್ರಿಯವಾದ ಎಎಂಟಿ ಕಾರುಗಳಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲದ ಕಾರಣ ಈ ಮಾಪಕದ ಅಗತ್ಯ ಕಡಿಮೆ.

ಎರಡು ಬಗೆ

ಯಾಂತ್ರಿಕ ಮಾಪಕಕ್ಕೆ ವಿದ್ಯುತ್ ಬೇಡ. ಸೂಕ್ಷ್ಮ ಕೊಳವೆಯೊಳಗಿನ ಒತ್ತಡವೇ ಮುಳ್ಳನ್ನು ಸರಿಸುತ್ತದೆ. ಆ ಕೊಳವೆಯನ್ನು ಕತ್ತರಿಸಬಾರದು, ಚೂಪಾಗಿ ಮಡಚಬಾರದು. ವಿದ್ಯುತ್ ಮಾಪಕದಲ್ಲಿ ಬಿಸಿ ಏರಿದಂತೆ ಸೆನ್ಸರ್‌ನ ವಿದ್ಯುತ್ ರೋಧ ತಗ್ಗುತ್ತದೆ. ಮೀಟರ್ ಮತ್ತು ಸೆನ್ಸರ್ ಪರಸ್ಪರ ಹೊಂದುವ ಜೋಡಿಯೇ ಆಗಿರಬೇಕು. ಇಲ್ಲವಾದರೆ ತಪ್ಪು ಅಂಕಿ ಬರುತ್ತದೆ.

ಅಳವಡಿಸುವ ಕ್ರಮ

* ಮೊದಲು ಸೆನ್ಸರ್‌ನ ತುದಿಯನ್ನು ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಬೇಕು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಕುದಿಯುತ್ತದೆ.
* ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಎಣ್ಣೆ ಆರಿದ ಬಳಿಕ ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು.
* ತಯಾರಕರೇ ಬಿಟ್ಟಿರುವ ಪರೀಕ್ಷಾ ರಂಧ್ರವಿದ್ದರೆ ಸೆನ್ಸರ್‌ಗೆ ಅದೇ ಉತ್ತಮ ಸ್ಥಳ. ಎಣ್ಣೆಯ ತಟ್ಟೆಯಲ್ಲಿ ಕೂರಿಸಿದರೆ ಸರಾಸರಿ ಬಿಸಿ ತಿಳಿಯುತ್ತದೆ. ಕೂಲರ್‌ಗೆ ಹೋಗುವ ಕೊಳವೆಯಲ್ಲಿ ಅತಿ ಹೆಚ್ಚಿನ ಬಿಸಿ ಬೇಗ ಕಾಣುತ್ತದೆ. ಟ್ರ್ಯಾಕ್ಟರ್‌ನ ತಳಭಾಗದಲ್ಲಿ ಹೊರಚಾಚಿದ ಸೆನ್ಸರ್‌ಗೆ ಕಲ್ಲು, ಕೂಳೆ ತಗಲುವ ಅಪಾಯವಿದೆ.
* ಒಂದೇ ತಂತಿಯ ಸೆನ್ಸರ್‌ಗೆ ಲೋಹದ ಕವಚವೇ ಅರ್ಥಿಂಗ್. ಅದರ ಎಳೆಗಳಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಸಂಪರ್ಕ ಕಡಿದು ಮುಳ್ಳು ಏಳದೇ ಇರಬಹುದು.
* ಮೀಟರ್‌ಗೆ ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತನ್ನು ಫ್ಯೂಸ್ ಮೂಲಕ ಕೊಡಬೇಕು. ತಂತಿಯು ಸೈಲೆನ್ಸರ್ ಹಾಗೂ ಪಿಟಿಒ ದಂಡದಿಂದ ದೂರವಿರಲಿ.
* ಚೆಲ್ಲಿದ ಎಣ್ಣೆಯ ಬದಲು ಕೈಪಿಡಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ತುಂಬಿ, ಸೋರಿಕೆ ಪರೀಕ್ಷಿಸಬೇಕು.

ಅಂಕಿ ಹೇಳುವುದೇನು?

ಟಾರ್ಕ್ ಕನ್ವರ್ಟರ್ ಇರುವ ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಸುಮಾರು 80ರಿಂದ 95 ಡಿಗ್ರಿ ಸಹಜ. 110 ದಾಟಿದರೆ ಭಾರ ಇಳಿಸುವುದು, ವೇಗ ತಗ್ಗಿಸುವುದು ಒಳಿತು. 120 ಸಮೀಪಿಸಿದರೆ ವಾಹನವನ್ನು ಬದಿಗೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಬೇಕು. ಆಗ ಎಣ್ಣೆ ಕೂಲರ್ ಮೂಲಕ ಹರಿದು ತಣಿಯುತ್ತದೆ. ಟ್ರ್ಯಾಕ್ಟರ್‌ಗಳ ಮಿತಿ ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಕೈಪಿಡಿಯ ಅಂಕಿಯೇ ಪ್ರಮಾಣ. ದಿನನಿತ್ಯದ ಅಂಕಿಗಿಂತ ದಿಢೀರ್ ಏರಿಕೆ ಕಂಡರೆ ಎಣ್ಣೆಯ ಮಟ್ಟ, ಕಟ್ಟಿಕೊಂಡ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ಇವನ್ನು ಮೊದಲು ಪರಿಶೀಲಿಸಬೇಕು.

ವಾರಂಟಿ ಅವಧಿಯಲ್ಲಿರುವ ವಾಹನಕ್ಕೆ ರಂಧ್ರ ಕೊರೆಯುವ ಮೊದಲು ಮಾರಾಟಗಾರರ ಲಿಖಿತ ಒಪ್ಪಿಗೆ ಪಡೆಯುವುದು ಲೇಸು. ಮಾಪಕವು ಗೇರ್‌ಬಾಕ್ಸ್‌ನ ದೋಷವನ್ನು ಸರಿಪಡಿಸುವುದಿಲ್ಲ. ಕೆಡುವ ಮುನ್ನ ಎಚ್ಚರಿಸುತ್ತದೆ. ಆ ಎಚ್ಚರಿಕೆಗೆ ಕಿವಿಗೊಡುವುದು ಚಾಲಕನಿಗೆ ಬಿಟ್ಟದ್ದು.