ಒಲೆ, ಚಿಮಣಿ ಮತ್ತು ನಗರದ ಗಾಳಿ: ಲಂಡನ್ನಿನ ಒಂದು ನಿದರ್ಶನ

ನಗರದ ಗಾಳಿಯು ಎಲ್ಲ ಬೀದಿಗಳಲ್ಲಿಯೂ ಎಲ್ಲ ವೇಳೆಯಲ್ಲಿಯೂ ಒಂದೇ ಸಮನಾಗಿ ಮಲಿನವಾಗಿರುವುದಿಲ್ಲವೆಂಬುದು ಇಂದು ಸರ್ವವಿದಿತ. ಈ ಭೇದವನ್ನು ಅಂಕೆಗಳಲ್ಲಿ ಹಿಡಿಯುವ ಶಾಸ್ತ್ರವಾದರೋ ತೀರ ಈಚಿನದು. ಹೊಗೆಯ ಹೊಣೆ ಯಾರದೆಂಬ ವಿವಾದದೊಡನೆ ಅದು ಹೇಗೆ ಹೆಣೆದುಕೊಂಡಿತೆಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಕ್ರಿ.ಶ. 1661ರಲ್ಲಿ ಜಾನ್ ಈವ್‌ಲಿನ್ ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದ ‘ಫ್ಯೂಮಿಫ್ಯೂಜಿಯಂ’ ಎಂಬ ಪುಸ್ತಿಕೆಯಲ್ಲಿ ಮದ್ಯ ತಯಾರಿಸುವವರು, ಬಣ್ಣಗಾರರು, ಸುಣ್ಣ ಸುಡುವವರು, ಸಾಬೂನು ಬೇಯಿಸುವವರು, ಇವರನ್ನೇ ಅಪರಾಧಿಗಳೆಂದು ನಿರ್ಣಯಿಸಿದನು. ಅಡುಗೆಯ ಒಲೆಯ ಹೊಗೆಯು ದುರ್ಬಲವಾದುದರಿಂದ ಸುಲಭವಾಗಿ ಚದುರಿಹೋಗುತ್ತದೆಂಬುದು ಅವನ ಮತ. ಕಣ್ಣು ಮೂಗುಗಳ ಹೊರತು ಅವನಿಗೆ ಬೇರೆ ಉಪಕರಣವಿರಲಿಲ್ಲವಷ್ಟೆ! ಆದರೆ ಇದೇ ವಿನಾಯಿತಿಯು ಕಾನೂನಿನಲ್ಲಿಯೂ ನೆಲೆಯೂರಿತು. 1891ರ ಲಂಡನ್ ಸಾರ್ವಜನಿಕ ಆರೋಗ್ಯದ ಶಾಸನವು ಕರಿಹೊಗೆಯನ್ನು ಉಪದ್ರವವೆಂದು ಸಾರಿದರೂ ಖಾಸಗಿ ಮನೆಗಳ ಚಿಮಣಿಗಳನ್ನು ಹೊರಗಿಟ್ಟಿತು.

1912ರಲ್ಲಿ ವಾಯುಮಾಲಿನ್ಯದ ಸಂಶೋಧನೆಗಾಗಿ ಸಮಿತಿಯೊಂದು ಏರ್ಪಟ್ಟು, ಆಕಾಶದಿಂದ ಬೀಳುವ ಮಸಿಯನ್ನು ಪಾತ್ರೆಗಳಲ್ಲಿ ಸಂಗ್ರಹಿಸಿ ಅಳೆಯುವ ಕಾರ್ಯ ಮೊದಲಾಯಿತು. ಇಂತಹ ಪಾತ್ರೆಯು ತಿಂಗಳ ಮೊತ್ತವನ್ನು ಹೇಳಬಲ್ಲುದು, ದಿನದ ಏರಿಳಿತವನ್ನು ಹೇಳಲಾರದು. ಆ ಕೊರತೆಯನ್ನು ತುಂಬಿದವರು ಡಾಕ್ಟರ್ ಜೆ. ಎಸ್. ಓವೆನ್ಸ್. ಗಾಳಿಯನ್ನು ನಿಯತವಾಗಿ ಸೋಸುಕಾಗದದ ಮೂಲಕ ಎಳೆದು, ಉಳಿದ ಕಲೆಯ ಕಪ್ಪನ್ನು ಮಾನಪಟ್ಟಿಯೊಡನೆ ಹೋಲಿಸುವ ಯಂತ್ರವನ್ನು ಅವರು ರಚಿಸಿದರು. ನೇಪಿಯರ್ ಷಾ ಅವರೊಡನೆ 1925ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸ್ವಾರಸ್ಯಕರವಾದ ಸಂಗತಿಯಿದೆ: ಭಾನುವಾರದ ಹೊಗೆಯು ಉಳಿದ ದಿನಗಳಿಗಿಂತ ತಡವಾಗಿ ಏರುತ್ತದೆ. ರಜೆಯ ದಿನ ಜನರು ತಡವಾಗಿ ಏಳುತ್ತಾರೆ, ಒಲೆಯೂ ತಡವಾಗಿ ಹೊತ್ತುತ್ತದೆ. ಕಾರ್ಖಾನೆಯು ಮುಚ್ಚಿದ ದಿನದಲ್ಲಿ ಮನೆಯ ಪಾಲು ತಾನಾಗಿಯೇ ಬಯಲಾಯಿತು. ನಮ್ಮ ಅಭಿಪ್ರಾಯದಲ್ಲಿ ಇದು ಯಾವ ದಸ್ತಾವೇಜಿಗೂ ಕಡಿಮೆಯಿಲ್ಲದ ಸಾಕ್ಷ್ಯ.

ಕಾಲದೊಡನೆ ಸ್ಥಳವನ್ನೂ ಜೋಡಿಸಿದ್ದು ಲೆಸ್ಟರ್ ನಗರದ ಸಮೀಕ್ಷೆ. 1937ರಿಂದ 1939ರವರೆಗೆ ಅಲ್ಲಿ ಹನ್ನೆರಡು ಠಾಣೆಗಳಲ್ಲಿ ಹೊಗೆ, ಗಂಧಕದ ಡೈಆಕ್ಸೈಡುಗಳನ್ನು ಅಳೆದರು. ವರದಿಯು 1945ರಲ್ಲಿ ಹೊರಬಂದಿತು. ಎರಡು ಠಾಣೆಗಳ ನಡುವಣ ಬೀದಿಯ ಗಾಳಿಯನ್ನು ಮಾತ್ರ ಲೆಕ್ಕದಿಂದಲೇ ಊಹಿಸಬೇಕು. ಎರಡು ಶಾಸನಗಳ ನಡುವಣ ಕಾಲವನ್ನು ತುಂಬುವ ಇತಿಹಾಸಕಾರನ ಪಾಡೂ ಇದೇ ಅಲ್ಲವೆ?

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಬೆಚ್ಚನೆಯ ಗಾಳಿಯ ಪದರವು ಮುಚ್ಚಳದಂತೆ ನಿಂತು, ತಣ್ಣನೆಯ ಗಾಳಿಯನ್ನೂ ಹೊಗೆಯನ್ನೂ ಕೆಳಗೆ ಸೆರೆಹಿಡಿಯಿತು. ಸ್ಯಾಡ್ಲರ್ಸ್ ವೆಲ್ಸ್ ನಾಟಕಶಾಲೆಯೊಳಕ್ಕೂ ಮಂಜು ನುಗ್ಗಿ ಪ್ರದರ್ಶನ ನಿಂತಿತು. 1954ರಲ್ಲಿ ಇ. ಟಿ. ವಿಲ್ಕಿನ್ಸ್ ದಿನದಿನದ ಹೊಗೆಯನ್ನೂ ಸಾವನ್ನೂ ಒಂದೇ ನಕ್ಷೆಯಲ್ಲಿ ಬರೆದಾಗ ಎರಡು ರೇಖೆಗಳೂ ಜೊತೆಯಾಗಿ ಏರಿದ್ದುವು. 1956ರ ಶುದ್ಧವಾಯು ಶಾಸನವು ಕಡೆಗೂ ಮನೆಯ ಒಲೆಯನ್ನು ನಿಯಂತ್ರಣಕ್ಕೆ ತಂದಿತು.

ಆಗ ಎಣಿಸಿದ ಹೆಚ್ಚುವರಿ ಸಾವುಗಳು ಸುಮಾರು 4,000. ಮುಂದಿನ ವಾರಗಳಲ್ಲಿಯೂ ಮರಣಸಂಖ್ಯೆ ಇಳಿಯದಿದ್ದುದನ್ನು ಅಧಿಕಾರಿಗಳು ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆದಿದ್ದರು. 2001ರಲ್ಲಿ ಮಿಷೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಅದೇ ದಾಖಲೆಗಳನ್ನು 1953ರ ಫೆಬ್ರವರಿಯವರೆಗೂ ವಿಸ್ತರಿಸಿ ಓದಿದಾಗ ಸಂಖ್ಯೆಯು ಸುಮಾರು 12,000ಕ್ಕೆ ಏರಿತು.