ಠರಾವು ಪಾಸಾಗುವುದು ಬೇರೆ, ಕೊಡ ತುಂಬುವುದು ಬೇರೆ



ಪಟ್ಟಣ ಪಂಚಾಯತಿ ಸಭೆ ಮುಗಿದ ದಿನ ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡತೈತಿ: "ನಮ್ಮ ಓಣಿ ಕೆಲಸದ್ದು ಠರಾವ್ ಪಾಸ್ ಆತು." ಕೆಳಗ ಹತ್ತಿಪ್ಪತ್ತು ಮಂದಿ ಕೈ ಮುಗೀತಾರ. ವರ್ಷ ದಾಟಿದರೂ ಅದೇ ಗಟಾರ, ಅದೇ ನಳ. ಮೊನ್ನೆ ಒಬ್ಬ ಹುಡುಗ ಕೇಳಿದ: "ಅಣ್ಣಾ, ಠರಾವ್ ಆದಮ್ಯಾಲೂ ಯಾಕ ಕೆಲಸ ಆಗೂದಿಲ್ಲ? ಸಭಾದಾಗ ಯಾರೂ ವಿರೋಧ ಸುದ್ದಾ ಮಾಡಿಲ್ಲಲ್ಲ?"

ಅವನ ಪ್ರಶ್ನೆಯೊಳಗೇ ಉತ್ತರ ಐತಿ. ಯಾರೂ ವಿರೋಧ ಮಾಡಲಿಲ್ಲ ಅನ್ನೋದನ್ನೇ ನಾವು ಅನುಮಾನದಿಂದ ನೋಡಬೇಕು. ಇದು ತಿಳೀಬೇಕಂದ್ರ ನೂರು ವರ್ಷ ಹಿಂದಕ್ಕೆ ಹೋಗಬೇಕು. ಸ್ವಲ್ಪ ಉದ್ದ ಆಗತೈತಿ, ಪೂರ್ತಿ ಓದ್ರಿ.

ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಗೋಕಾಕ, ಹುಕ್ಕೇರಿ ಕಡೆಗೆ ಕಾಯ್ದೆ, ಸುತ್ತೋಲೆ ಎಲ್ಲ ಬರ್ತಿದ್ದದ್ದು ಮುಂಬೈಯಿಂದ. ನಾವು ಇವತ್ತಿಗೂ 'ನಿರ್ಣಯ' ಅನ್ನೋದಕ್ಕಿಂತ 'ಠರಾವು' ಅಂತೀವಲ್ಲ, ಆ ಮಾತೂ ಮರಾಠಿ ಕಚೇರಿ ಭಾಷೆಯಿಂದ ಉಳಿದದ್ದೇ.

4 ಆಗಸ್ಟ್ 1923. ಮುಂಬೈ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅನ್ನುವ ಸದಸ್ಯರು ಒಂದು ಠರಾವು ಮಂಡಿಸಿದರು. ಸರ್ಕಾರದ ಹಣದಲ್ಲಿ ಕಟ್ಟಿದ, ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ಕಚೇರಿ, ದವಾಖಾನೆ ಎಲ್ಲವನ್ನೂ ಅಸ್ಪೃಶ್ಯರು ಬಳಸಲು ಬಿಡಬೇಕು ಅಂತ. ಅದು ಪಾಸಾಯಿತು. ಸೆಪ್ಟೆಂಬರ್‌ನಲ್ಲಿ ಸರ್ಕಾರ ಎಲ್ಲ ಇಲಾಖೆ ಮುಖ್ಯಸ್ಥರಿಗೆ ಜಾರಿ ಮಾಡಿ ಅಂತ ಆದೇಶ ಕಳಿಸಿತು. ಊರಿನ ಮುನ್ಸಿಪಾಲಿಟಿಗಳಿಗೆ, ಲೋಕಲ್ ಬೋರ್ಡುಗಳಿಗೆ ತಿಳುವಳಿಕೆ ಹೋಯಿತು. ಕಾಗದದ ಮೇಲೆ ಈ ಹಕ್ಕು ಬೆಳಗಾವಿ ಜಿಲ್ಲೆಗೂ ಬಂತು.

ಆಮೇಲೆ ಏನಾಯ್ತು? ಮೂರು ವರ್ಷ ಏನೂ ಆಗಲಿಲ್ಲ. 1926ರ ಆಗಸ್ಟ್‌ನಲ್ಲಿ ಅದೇ ಬೋಲೆಯವರು ಮತ್ತೊಂದು ಠರಾವು ತರಬೇಕಾಯಿತು: ಮೊದಲಿನ ಠರಾವನ್ನು ಜಾರಿ ಮಾಡದ ಮುನ್ಸಿಪಾಲಿಟಿ, ಲೋಕಲ್ ಬೋರ್ಡುಗಳಿಗೆ ಸರ್ಕಾರ ಅನುದಾನ ಕೊಡಬಾರದು ಅಂತ. ಠರಾವು ಪಾಲಿಸ್ರಿ ಅಂತ ಹೇಳಲಿಕ್ಕೆ ಇನ್ನೊಂದು ಠರಾವು! ಇವತ್ತಿನ ನಮ್ಮ ಕಚೇರಿಗಳ 'ಜ್ಞಾಪನ ಪತ್ರ'ದ ಮುತ್ತಜ್ಜ ಇದೇ ಇರಬೇಕು.

ಈ ನಡುವೆ 1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಮ್ಮದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಮಹಾಡಕ್ಕಿಂತ ಎರಡು ವರ್ಷ ಮೊದಲೇ ನಮ್ಮ ಗಡಿ ಭಾಗದ ಜನ ಅವರ ಮಾತು ಕೇಳಿದ್ದರು ಅನ್ನೋದನ್ನ ನಮ್ಮ ಹುಡುಗರು ನೆನಪಿಡಬೇಕು.

ಈಗ ಮಹಾಡಿಗೆ ಬರೋಣ. ಕೊಂಕಣದ ಕೊಲಾಬಾ ಜಿಲ್ಲೆಯ ಒಂದು ಸಣ್ಣ ಊರು. ಅಲ್ಲೊಂದು ಮುನ್ಸಿಪಾಲಿಟಿ, ಒಂದು ಚವದಾರ ಕೆರೆ. ಬೋಲೆ ಠರಾವಿನ ಪ್ರಕಾರ ಮಹಾಡ ಮುನ್ಸಿಪಾಲಿಟಿ 1924ರ ಜನವರಿಯಲ್ಲೇ ಈ ಕೆರೆಯನ್ನು ಅಸ್ಪೃಶ್ಯರಿಗೆ ತೆರೆದಿದೆ ಅಂತ ಠರಾವು ಮಾಡಿತ್ತು. ಮುನ್ಸಿಪಾಲಿಟಿ ಅಧ್ಯಕ್ಷ ಸುರೇಂದ್ರನಾಥ ಟಿಪ್ಣಿಸ್ ಮೇಲ್ಜಾತಿಯವರಾದರೂ ನಮ್ಮ ಪರ ಇದ್ದವರು. ಠರಾವು ಪುಸ್ತಕದಲ್ಲಿ ಬರೆದದ್ದಾಯಿತು. ಊರು ತಣ್ಣಗಿತ್ತು. ಯಾಕಂದ್ರ ಮೂರು ವರ್ಷ ಒಬ್ಬನೇ ಒಬ್ಬ ಅಸ್ಪೃಶ್ಯ ಆ ಕೆರೆಗೆ ಇಳಿದಿರಲಿಲ್ಲ. ಇಳಿದರೆ ಬಡಿತಾರ ಅಂತ ಎಲ್ಲರಿಗೂ ಗೊತ್ತಿತ್ತು. ಮುಸಲ್ಮಾನರು, ಕ್ರಿಶ್ಚಿಯನ್ನರು ಆ ನೀರು ತರ್ತಿದ್ದರು. ನಮ್ಮವರು ಮಾತ್ರ ದೂರ ನಿಂತು ನೋಡ್ತಿದ್ದರು.

20 ಮಾರ್ಚ್ 1927. ಎರಡು ದಿನದ ಪರಿಷತ್ತಿಗೆ ಬಂದ ಸಾವಿರಾರು ಜನ ಮೆರವಣಿಗೆಯಲ್ಲಿ ಹೋದರು. ಬಾಬಾಸಾಹೇಬರು ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಹಿಂದೆ ಬಂದವರೂ ಕುಡಿದರು. ಮುನ್ಸಿಪಾಲಿಟಿಯೇ ಬರೆದಿಟ್ಟ ಮಾತನ್ನು ಅವರು ಕಾಲ ಮೇಲೆ ನಡೆಸಿದರು ಅಷ್ಟೇ, ಯಾವ ಕಾಯ್ದೆಯನ್ನೂ ಮುರಿಯಲಿಲ್ಲ.

ಆಗ ನೋಡ್ರಿ, ವಿರೋಧ ಎಲ್ಲಿಂದ ಬಂತೋ ಗೊತ್ತಿಲ್ಲ. ಇವರು ವೀರೇಶ್ವರ ಗುಡಿಗೂ ನುಗ್ಗತಾರ ಅಂತ ಸುಳ್ಳು ಸುದ್ದಿ ಹಬ್ಬಿಸಿದರು. ಊಟಕ್ಕೆ ಕೂತಿದ್ದ ಪ್ರತಿನಿಧಿಗಳ ಮೇಲೆ ಬಡಿಗೆ ಬಿತ್ತು. ಕೆರೆ ಮೈಲಿಗೆ ಆಯಿತು ಅಂತ 108 ಮಡಕೆ ನೀರು ಎತ್ತಿ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಮತ್ತೆ ಕೆರೆಗೆ ಸುರಿದು 'ಶುದ್ಧಿ' ಮಾಡಿದರು. 4 ಆಗಸ್ಟ್ 1927ರಂದು ಅದೇ ಮಹಾಡ ಮುನ್ಸಿಪಾಲಿಟಿ ಸಭೆ ಸೇರಿ ತನ್ನ 1924ರ ಠರಾವನ್ನೇ ರದ್ದು ಮಾಡಿತು. ತಾರೀಖು ಗಮನಿಸ್ರಿ. ಬೋಲೆ ಠರಾವು ಬಂದು ಸರಿಯಾಗಿ ನಾಲ್ಕು ವರ್ಷದ ದಿನ.

ನಾನು ಈ ಕಥೆಯಿಂದ ತೆಗೆದುಕೊಂಡ ಪಾಠ ಇದು. 1924ರ ಠರಾವಿಗೆ ಮೂರು ವರ್ಷ ಯಾರೂ ತಕರಾರು ಎತ್ತಲಿಲ್ಲ, ಅದು ಪುಸ್ತಕದಲ್ಲಿ ಮಲಗಿತ್ತು. 1927ರಲ್ಲಿ ಅದು ಎದ್ದು ನಡೆಯಿತು, ನಾಲ್ಕೂವರೆ ತಿಂಗಳಲ್ಲಿ ಅದನ್ನು ಹೊಡೆದು ಹಾಕಿದರು. ಬಳಸದ ಠರಾವಿಗೆ ವೈರಿಗಳಿಲ್ಲ. ಅದನ್ನ ಬಳಸಿದ ದಿನ ಯಾರು ಮಿತ್ರ, ಯಾರು ಶತ್ರು ಅಂತ ಊರಿಗೆ ಊರೇ ತಿಳಿಯತೈತಿ.

ಮುಂದಿನದು ನಿಮಗೆ ಗೊತ್ತು. ಡಿಸೆಂಬರ್‌ನಲ್ಲಿ ಸತ್ಯಾಗ್ರಹ ಅಂತ ನಿಶ್ಚಯ ಆಯಿತು. ಎದುರಿನವರು ಕೋರ್ಟಿಗೆ ಹೋಗಿ, ಇದು ಸಾರ್ವಜನಿಕ ಕೆರೆಯೇ ಅಲ್ಲ ಅಂತ ವಾದ ಹೂಡಿ ತಾತ್ಕಾಲಿಕ ತಡೆ ತಂದರು. ಬಾಬಾಸಾಹೇಬರು ಕೋರ್ಟಿನ ಮಾತಿಗೆ ಬೆಲೆ ಕೊಟ್ಟು ಕೆರೆ ಸತ್ಯಾಗ್ರಹ ಮುಂದೂಡಿದರು. 25 ಡಿಸೆಂಬರ್ 1927ರಂದು ಮನುಸ್ಮೃತಿ ಸುಟ್ಟರು. ಖಟ್ಲೆ ಹತ್ತು ವರ್ಷ ನಡೆಯಿತು. 17 ಮಾರ್ಚ್ 1937ರಂದು ಮುಂಬೈ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಅನಾದಿ ಕಾಲದಿಂದ ಬಂದ ಪದ್ಧತಿ ಅಂತ ಎದುರಿನವರು ಹೇಳಿದ್ದನ್ನು ರುಜುವಾತು ಮಾಡಲಿಕ್ಕೆ ಅವರಿಂದ ಆಗಲಿಲ್ಲ. ಅದೇ 1937ರ ಚುನಾವಣೆಯಲ್ಲಿ ಬೆಳಗಾವಿ ಉತ್ತರದಿಂದ ಬಾಬಾಸಾಹೇಬರ ಸ್ವತಂತ್ರ ಮಜೂರ ಪಕ್ಷದ ಬಳವಂತರಾವ ವರಾಳೆ ಮುಂಬೈ ಅಸೆಂಬ್ಲಿಗೆ ಆರಿಸಿ ಹೋದರು. ಕುಡಿಯುವ ನೀರಿಗೆ ಹತ್ತು ವರ್ಷ ಕೋರ್ಟು, ಅದರ ಜೊತೆಗೇ ಸಭೆಯಲ್ಲೊಂದು ಕುರ್ಚಿ. ಎರಡೂ ಬೇಕಾಗಿದ್ದವು.

ಕುರ್ಚಿಯ ಮಾತು ಬಂತು. 1932ರ ಅಕ್ಟೋಬರ್‌ನಲ್ಲಿ ಮುಂಬೈ ಪರಿಷತ್ತಿಗೆ ಗ್ರಾಮ ಪಂಚಾಯತಿ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ವಿರೋಧಿಸಿದರು. ಊರಿನ ಪಂಚಾಯತಿಗೆ ಅಧಿಕಾರ ಕೊಡೋದಾದರೆ ಅಲ್ಲಿ ದಲಿತರಿಗೆ ಮೀಸಲು ಸ್ಥಾನ ಇರಲೇಬೇಕು, ಎಲ್ಲರಿಗೂ ಓಟು ಕೊಟ್ಟರೆ ಮುಗಿಯಿತು ಅನ್ನುವ ಮಾತು ಸಾಲದು ಅಂತ. ಪ್ರತಿ ಊರಿನಲ್ಲೂ ನಾವು ಕಡಿಮೆ ಮಂದಿ, ಓಟಿನ ಲೆಕ್ಕದಲ್ಲಿ ಯಾವಾಗಲೂ ಸೋಲೋದೇ. ಈ ಮಾತು ದೇಶಕ್ಕೆಲ್ಲ ಸಂವಿಧಾನದ ಖಾತ್ರಿಯಾಗಿ ಬರಲಿಕ್ಕೆ ಅರವತ್ತು ವರ್ಷ ಹಿಡಿಯಿತು. 74ನೇ ತಿದ್ದುಪಡಿ 1 ಜೂನ್ 1993ರಂದು ಜಾರಿಗೆ ಬಂತು. ಅದರ 243ಟಿ ವಿಧಿ ಪ್ರಕಾರ ಪ್ರತಿ ಪುರಸಭೆ, ಪಟ್ಟಣ ಪಂಚಾಯತಿಯಲ್ಲಿ ಜನಸಂಖ್ಯೆಗೆ ತಕ್ಕಂತೆ ಪರಿಶಿಷ್ಟರಿಗೆ ಸ್ಥಾನ, ಮೂರರಲ್ಲಿ ಒಂದು ಪಾಲು ಕಡಿಮೆ ಇಲ್ಲದಂತೆ ಹೆಣ್ಣುಮಕ್ಕಳಿಗೆ. ಬೋಲೆ ಠರಾವಿನ ಬಾವಿ, ಕೆರೆ ಮಾತು ಅದಕ್ಕೂ ಮೊದಲೇ ಸಂವಿಧಾನದ 15ನೇ ವಿಧಿಯಲ್ಲಿ ಕೂತಿತ್ತು. ಒಮ್ಮೆ ತೆಗೆದು ಓದಿ ನೋಡ್ರಿ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಹೆಸರು ಹಿಡಿದೇ ಬರೆದಾರ.

ಇದೆಲ್ಲ ಆದ ಮೇಲೂ 20 ಜುಲೈ 2010ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು? ಪುರಸಭೆ ಕಚೇರಿ ಮುಂದೆ ಭಂಗಿ ಸಮುದಾಯದ ಬಂಧುಗಳು ಮಲವನ್ನು ಮೈಮೇಲೆ ಸುರಿದುಕೊಂಡು ನಿಂತರು. ದಶಕಗಳಿಂದ ಆ ಊರಿನ ಮಲ ಹೊತ್ತವರು ಅವರು. ಅವರ ಗುಡಿಸಲು ಇದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಬೇಕು, ಇವರು ಏಳಬೇಕು ಅಂತ ಪುರಸಭೆ ಹೊರಟಿತ್ತು. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದ್ದರು. 1993ರಲ್ಲಿ ದೇಶಕ್ಕೇ ಕಾಯ್ದೆ ಬಂದಿತ್ತು. ಆ ಕಾಯ್ದೆಗಳು ಪುಸ್ತಕದಲ್ಲಿ ಮಲಗಿದ್ದವು, ಅಂಗಡಿ ಮಳಿಗೆ ಯೋಜನೆ ಮಾತ್ರ ಎದ್ದು ನಡೀತಿತ್ತು. ಕಾಯ್ದೆ ನೆನಪು ಮಾಡಲಿಕ್ಕೆ ಅವರು ತಮ್ಮ ಮೈಯನ್ನೇ ಕೊಡಬೇಕಾಯಿತು.

ಈಗ ನಮ್ಮ ಭಾಗಕ್ಕೆ ಬರ್ತೀನಿ. ಅರಭಾವಿ, ಕಲ್ಲೋಳಿ, ನಾಗನೂರ, ಮಲ್ಲಾಪೂರ ಪಿ.ಜಿ. ಎಲ್ಲ ಗ್ರಾಮ ಪಂಚಾಯತಿ ಇದ್ದವು, ಪಟ್ಟಣ ಪಂಚಾಯತಿ ಆದವು. ಊರು ದೊಡ್ಡದಾತು ಅಂತ ಎಲ್ಲರೂ ಖುಷಿ ಪಡೋದು ಸಹಜ. ಆದರೆ ಕಳೆದುಕೊಂಡದ್ದರ ಲೆಕ್ಕ ಯಾರೂ ಹೇಳೋದಿಲ್ಲ.

ಒಂದು, ಗ್ರಾಮಸಭೆ ಹೋಯಿತು. ಗ್ರಾಮ ಪಂಚಾಯತಿಯಲ್ಲಿ ಯಾವ ಮತದಾರ ಬೇಕಾದರೂ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು. ಪಟ್ಟಣ ಪಂಚಾಯತಿಗೆ ಗ್ರಾಮಸಭೆ ಇಲ್ಲ. ಸಂವಿಧಾನದ ಪ್ರಕಾರ ವಾರ್ಡ್ ಸಮಿತಿ ಕಡ್ಡಾಯ ಇರೋದು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಅಂದ್ರ ನಮ್ಮಂಥ ಊರು ನಡುವೆ ಬಿದ್ದವು.

ಎರಡು, ಉದ್ಯೋಗ ಖಾತ್ರಿ ಹೋಯಿತು. 2005ರ ಆ ಕಾಯ್ದೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಇತ್ತು. ಹೊಲ ಇದ್ದವರಿಗೆ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ಕೂಲಿ ನಂಬಿದ ನಮ್ಮ ಕೇರಿಯ ಅವ್ವಂದಿರಿಗೆ ಜಾಬ್ ಕಾರ್ಡ್ ಬರೇ ಕಾಗದ ಆಯಿತು.

ಇನ್ನು ಉಳಿದದ್ದು ಆರಿಸಿ ಬಂದ ಸದಸ್ಯರ ಸಭೆ. ಅದೂ ಎಷ್ಟು ಸಲ ಬಾಗಿಲು ಹಾಕಿಕೊಂಡಿತ್ತು ಅಂತ ನೆನಪು ಮಾಡಿಕೊಳ್ರಿ. 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು. ಗೆದ್ದವರು ಸುಮಾರು ಎರಡು ವರ್ಷ ಅಧಿಕಾರ ಇಲ್ಲದೆ ಕೂತರು. ಎರಡನೇ ಅವಧಿಗೆ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ, ಅಲ್ಲೀತನಕ ಮತ್ತೆ ಆಡಳಿತಾಧಿಕಾರಿ. ಮೀಸಲು ಕುರ್ಚಿ ಇತ್ತು, ಕೂರಲಿಕ್ಕೆ ಸಭೆಯೇ ಇರಲಿಲ್ಲ.

ಹೊಟ್ಟೆಪಾಡಿಗೆ ನಾನೂ ಒಂದು ಕಚೇರಿಯೊಳಗ ಫೈಲ್ ಬರೆಯುವ ಗುಮಾಸ್ತ. ಠರಾವು ಬರೆಯುವ ಭಾಷೆ ನನಗೆ ಚೆನ್ನಾಗಿ ಗೊತ್ತು. "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಇದ್ದರೆ ಯಾರೂ ಏನೂ ಮಾಡೋದಿಲ್ಲ ಅಂತ ಅರ್ಥ. "ಅನುದಾನದ ಲಭ್ಯತೆ ನೋಡಿಕೊಂಡು" ಅಂದರೆ ಈ ವರ್ಷ ಇಲ್ಲ. "ಮುಂದಿನ ಸಭೆಗೆ ಮುಂದೂಡಲಾಯಿತು" ಅಂದರೆ ಮರೆತುಬಿಡ್ರಿ. ಕೆಲಸ ಆಗುವ ಠರಾವು ಬೇರೆ ಥರ ಇರತೈತಿ. ಯಾವ ವಾರ್ಡು, ಯಾವ ಓಣಿ, ಎಲ್ಲಿಂದ ಎಲ್ಲೀತನಕ, ಅಂದಾಜು ಎಷ್ಟು, ಯಾವ ನಿಧಿಯಿಂದ, ಸೂಚಿಸಿದವರು ಯಾರು, ಅನುಮೋದಿಸಿದವರು ಯಾರು, ಎಲ್ಲ ಬರೆದಿರತೈತಿ. ಅಂಥ ಠರಾವಿಗೆ ಸಭೆಯಲ್ಲಿ ಜಗಳ ಆಗೇ ಆಗತೈತಿ, ಯಾಕಂದ್ರ ಅದೇ ರೊಕ್ಕ ಬೇರೆ ಓಣಿಯವರಿಗೂ ಬೇಕಾಗಿರತೈತಿ.

ರೊಕ್ಕದ ಲೆಕ್ಕನೂ ಹೇಳ್ತೀನಿ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10 ಭಾಗ ಪರಿಶಿಷ್ಟರಿಗೆ ಮೀಸಲಿಡಬೇಕು. ಜಾತಿಗೆ 17.15, ಪಂಗಡಕ್ಕೆ 6.95. ಆ ನಿಧಿಯಲ್ಲಿ ಹತ್ತು ಲಕ್ಷ ಬಂದರೆ 2 ಲಕ್ಷ 41 ಸಾವಿರ ನಮ್ಮ ಜನರ ಪಾಲು. ಇದು ಯಾರ ಉಪಕಾರವೂ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಪಾಲಿನಲ್ಲಿ ಹಾಕಿದ ಸಿಮೆಂಟು ಯಾರ ಮನೆ ಮುಂದೆ ಬಿತ್ತು?

ಅದಕ್ಕ ನಮ್ಮ ಹುಡುಗರಿಗೆ ನಾನು ಹೇಳೋದು ಮೂರೇ ಮಾತು.

ಸಭೆಯ ದಿನ ಮೊದಲೇ ತಿಳಿದುಕೊಳ್ರಿ. ನಾಲ್ಕು ಮಂದಿ ಹೋಗಿ ಹೊರಗಿನ ಬೆಂಚಿನ ಮೇಲಾದರೂ ಕೂಡ್ರಿ. ನೋಡುವ ಕಣ್ಣು ಇದ್ದರೆ ಮಾತಾಡುವ ನಾಲಿಗೆ ಬದಲಾಗತೈತಿ.

ಠರಾವಿನ ಪ್ರತಿ ತೆಗೆಸ್ರಿ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ, ಮೂವತ್ತು ದಿನದ ಗಡುವು. ಒಂದು ಚಹಾದ ರೊಕ್ಕ. ಬಂದ ಪ್ರತಿಯನ್ನು ಸಮಾಜ ಮಂದಿರದಲ್ಲಿ ಎಲ್ಲರ ಮುಂದೆ ಓದಿ ಹೇಳ್ರಿ. ಓದಲು ಬಾರದ ನಮ್ಮ ಹಿರಿಯರಿಗೆ ಅದರಲ್ಲಿ ಇಲ್ಲದ್ದು ಏನು ಅಂತ ನಮಗಿಂತ ಬೇಗ ಗೊತ್ತಾಗತೈತಿ.

ಮೀಸಲು ವಾರ್ಡಿನಿಂದ ಗೆದ್ದ ನಮ್ಮ ತಂಗಿಯರ ಬೆನ್ನಿಗೆ ನಿಲ್ರಿ. ಸಭೆಯಲ್ಲಿ ಅವರ ಬದಲು ಗಂಡ, ಮೈದುನ ಮಾತಾಡಿದರೆ ಆ ಕುರ್ಚಿ ಖಾಲಿ ಇದ್ದಂಗೇ. ತಪ್ಪು ಅವರ ಮೇಲೆ ಹಾಕೋದು ಸುಲಭ. ಸಭೆಗೆ ಮೊದಲು ಅಜೆಂಡಾ ಓದಿ ಹೇಳುವವರು, ಸಭೆ ಮುಗಿದ ಮೇಲೆ "ನೀವು ಕೇಳಿದ್ದು ಸರಿ ಐತಿ ಅಕ್ಕಾ" ಅನ್ನುವವರು ನಾಲ್ಕು ಮಂದಿ ಇದ್ದರೆ ಆಕಿ ಅಧ್ಯಕ್ಷರ ಮುಂದೆ ಎದ್ದು ನಿಂತು ಮಾತಾಡತಾಳ.

ಮಹಾಡದ ಠರಾವನ್ನು ಬರೆದವರು ಸದಸ್ಯರು. ಅದಕ್ಕೆ ಅರ್ಥ ತಂದವರು ಕೆರೆಗೆ ಇಳಿದ ಜನ. ನಮ್ಮ ಊರಿನ ಠರಾವು ಪುಸ್ತಕದಲ್ಲೂ ನಮ್ಮ ಹೆಸರಿನ ಎಷ್ಟೋ ಸಾಲು ಮಲಗ್ಯಾವ. ಮುಂದಿನ ಸಭೆ ಯಾವಾಗ ಅಂತ ಗೊತ್ತಿದ್ದವರು ಕೆಳಗ ಕಾಮೆಂಟಿನಲ್ಲಿ ತಾರೀಖು ಹಾಕ್ರಿ. ಈ ಸಲ ಕೈ ಮುಗಿಯೂದು ಬ್ಯಾಡ, ಹೋಗೋಣ.

ಜೈ ಭೀಮ್. ಜೈ ಸಂವಿಧಾನ.